ಡ್ರೈವರನಿಗೆ ಕಿವಿ ಇರುವುದಿಲ್ಲ

ಕಲ್ಲು ಬಂದು ಬಡಿದದ್ದು ಕಾರಿನ ಹಿಂದಿನ ಎಡ ಕಿಟಕಿಗೆ. ಹಿಂದೆ ಕುಳಿತಿದ್ದ ಯಜಮಾನರಿಗೆ ಒಂದು ಗೀರೂ ಆಗಲಿಲ್ಲ. ಸಿಡಿದ ಗಾಜಿನ ಚೂರೊಂದು ಮುಂದಿನ ಸೀಟಿನವರೆಗೆ ಹಾರಿ ಡ್ರೈವರನ ಕುತ್ತಿಗೆಯಲ್ಲಿ ನಾಟಿಕೊಂಡಿತು.

ಆ ಸಂಜೆ ಅವನು ಮನೆಗೆ ಬಂದಾಗ ಅಂಗಿಯ ಕಾಲರು ಒಣಗಿದ ರಕ್ತದಿಂದ ರಟ್ಟಿನಂತೆ ಬಿರುಸಾಗಿತ್ತು.

"ಏನ್ರೀ ಇದು?" ಎಂದು ಹೆಂಡತಿ ಒಲೆಯ ಮುಂದಿನಿಂದ ಈಚೆಗೆ ಬಂದಳು.

"ಏನಿಲ್ಲ. ಸೇತುವೆ ರಸ್ತೇಲಿ ಯಾರೋ ಕಲ್ಲು ಹೊಡೆದ್ರು."

"ಯಾರಿಗೆ?"

"ನನಗಂತೂ ಅಲ್ಲ."

"ತಗುಲಿದ್ದು ನಿನಗೇ ತಾನೇ," ಎಂದಳು ಮೂಲೆಯ ಮಂಚದ ಮೇಲಿದ್ದ ಅವನ ತಾಯಿ. "ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಿಂದ ನಿನಗೆ ಸಿಕ್ಕ ಮೊದಲ್ನೇ ಬೋನಸ್ಸು. ಜೋಪಾನವಾಗಿ ಇಟ್ಕೋ."

ಮಗಳು ಹತ್ತಿ, ಬಿಸಿನೀರು ತಂದಳು. ಅವಳಿಗೆ ಇಪ್ಪತ್ತಾರು ವರ್ಷ. ಚಿಕ್ಕವಳಿದ್ದಾಗ ಅಜ್ಜಿ ಗುಬ್ಬಿ ಎಂದು ಕರೆದದ್ದೇ ಹೆಸರಾಗಿ ನಿಂತಿತ್ತು. ಗಾಯ ಒರೆಸುವಾಗ ಅವಳು ಹತ್ತಿಯನ್ನು ಎರಡು ಸಲ ಕೆಳಗೆ ಬೀಳಿಸಿದಳು. ಡ್ರೈವರ್ ಅದನ್ನು ಗಮನಿಸಿದ. ರಕ್ತ ಕಂಡು ಹೆದರಿದ್ದಾಳೆ ಎಂದುಕೊಂಡ.

ಮುದ್ರಣಾಲಯದಲ್ಲಿ ಕೆಲಸ ಮಾಡುವ ಮಗ ತಟ್ಟೆಯ ಮುಂದೆ ಕುಳಿತಿದ್ದವನು ತಲೆಯೆತ್ತದೆ ಹೇಳಿದ: "ಗುರಿ ಸರಿ ಇಲ್ಲ ಅವನದು."

"ಬಾಯಿ ಮುಚ್ಕೊಂಡು ತಿನ್ನು," ಎಂದ ಅಪ್ಪ.

"ಎರಡನ್ನೂ ಒಟ್ಟಿಗೆ ಮಾಡೋದು ಹೇಗಪ್ಪಾ?"

ಅಜ್ಜಿ ಮಾತ್ರ ನಕ್ಕಳು.

ಮರುದಿನ ಯಜಮಾನರ ಕಾವಲು ಅಧಿಕಾರಿ ಡ್ರೈವರನನ್ನು ತನ್ನ ಕೋಣೆಗೆ ಕರೆಸಿದ. ಯಜಮಾನರಿಗೆ ಊರಿನಲ್ಲಿ ಎರಡು ಠಿಕಾಣಿ. ಪೇಟೆ ರಸ್ತೆಯಲ್ಲಿ ಹೋದರೆ ಮುಖ್ಯ ಕಚೇರಿ. ಸೇತುವೆ ರಸ್ತೆಯಲ್ಲಿ ಹೋದರೆ ನದಿಯಾಚೆಯ ಕೋಲ್ಡ್ ಸ್ಟೋರೇಜ್ ಕಾರ್ಖಾನೆ. ಯಾವ ದಿನ ಎಲ್ಲಿಗೆ ಎಂಬುದು ಯಜಮಾನರಿಗೆ, ಅಧಿಕಾರಿಗೆ ಮತ್ತು ಡ್ರೈವರನಿಗೆ ಮಾತ್ರ ಗೊತ್ತಿರುತ್ತಿತ್ತು.

"ಮೂವರಲ್ಲಿ ಇಬ್ಬರು ಹೇಳಿಲ್ಲ," ಎಂದ ಅಧಿಕಾರಿ. "ನೀನು ಮನೇಲಿ ಮಾತಾಡ್ತೀಯಾ?"

ಡ್ರೈವರ್ ಮನೆಯಲ್ಲಿ ಮಾತಾಡುತ್ತಿದ್ದ, ಧಾರಾಳವಾಗಿ. ಸಂಜೆಯ ಊಟಕ್ಕೆ ಕೂತಾಗ ಕಾರಿನ ಸುದ್ದಿ ಹೇಳುವುದು ಆ ಮನೆಯ ವಾಡಿಕೆ. ಯಜಮಾನರು ಯಾರನ್ನು ಗದರಿದರು, ಯಾರಿಗೆ ಬೆಣ್ಣೆ ಹಚ್ಚಿದರು, ನಾಳೆ ಎಲ್ಲಿಗೆ ಸವಾರಿ, ಎಲ್ಲವೂ ಅನ್ನದ ಜೊತೆಗೆ ಬಡಿಸಲ್ಪಡುತ್ತಿತ್ತು. ದಿನವಿಡೀ ಹಿಂದಿನವರ ಮಾತು ಕೇಳಿಸಿಕೊಂಡು ತುಟಿ ಬಿಚ್ಚದ ಮನುಷ್ಯ ತಟ್ಟೆಯ ಮುಂದೆ ಮಾತ್ರ ಅರಳುತ್ತಿದ್ದ.

"ಇನ್ನು ಮೇಲೆ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ ತಿಳಿಸ್ತೀನಿ," ಎಂದ ಅಧಿಕಾರಿ. "ನಿನ್ನ ಹೆಂಡತಿಗೂ ಹೇಳಬೇಡ. ಇನ್ನೊಂದು ಸಲ ಹೀಗಾದ್ರೆ ಕೆಲಸ ಹೋಗೋದು ಹಾಗಿರಲಿ, ಪೊಲೀಸರು ನಿಮ್ಮ ಅಡುಗೆಮನೆಗೇ ಬರ್ತಾರೆ."

ಅಂದಿನಿಂದ ಊಟದ ಹೊತ್ತು ಸಪ್ಪೆಯಾಯಿತು. ಡ್ರೈವರ್ ಹವೆಯ ಬಗ್ಗೆ ಮಾತಾಡಿದ. ಆಲೂಗಡ್ಡೆ ಬೆಂದಿಲ್ಲ ಎಂದ. "ಇವನು ಬಾಯಿ ಮುಚ್ಚಿದ ಮೇಲೆ ನನಗೆ ತಿಂದದ್ದು ಅರಗ್ತಾ ಇಲ್ಲ," ಎಂದು ಅಜ್ಜಿ ಗೊಣಗಿದಳು.

ಎರಡನೆಯ ವಾರ ಪೇಟೆಯ ತಿರುವಿನಲ್ಲಿ ಕಾರಿನ ಮುಂದಿನ ಎರಡೂ ಟಯರುಗಳು ಒಟ್ಟಿಗೆ ಒಡೆದವು. ಕಾರು ಮಗ್ಗುಲಾಗಿ ಜಾರಿ ದೀಪದ ಕಂಬಕ್ಕೆ ಗುದ್ದಿ ನಿಂತಿತು. ರಸ್ತೆಗೆ ಅಡ್ಡಲಾಗಿ, ಮಣ್ಣಿನ ಬಣ್ಣದ ಬಟ್ಟೆಯಡಿ, ಒಂದು ಕಬ್ಬಿಣದ ಪಟ್ಟಿ ಮಲಗಿತ್ತು. ಅದರುದ್ದಕ್ಕೂ ಚೂಪಾದ ಮೊಳೆಗಳನ್ನು ಬೆಸುಗೆ ಹಾಕಿ ನಿಲ್ಲಿಸಿದ್ದರು. ಒಂದು ಮೊಳೆಯೂ ವಾಲಿರಲಿಲ್ಲ.

"ಪಳಗಿದ ಕೈ," ಎಂದ ಅಧಿಕಾರಿ, ಪಟ್ಟಿಯನ್ನು ತಿರುಗಿಸಿ ನೋಡುತ್ತ. ಬಳಿಕ ಡ್ರೈವರನ ಮುಖವನ್ನೂ ಹಾಗೆಯೇ ತಿರುಗಿಸಿ ನೋಡುವವನಂತೆ ನೋಡಿದ. "ಬೆಳಿಗ್ಗೆ ಆರೂವರೆಗೆ ಹೇಳಿದ್ದು. ಹತ್ತಕ್ಕೆ ರಸ್ತೇಲಿ ಮೊಳೆ. ನಡುವೆ ಇರೋದು ನಿನ್ನ ಮನೆ ಒಂದೇ."

"ನಾನು ಯಾರಿಗೂ ಹೇಳಿಲ್ಲ ಸಾರ್."

ಅದು ನಿಜವಾಗಿತ್ತು. ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು.

ಅನುಮಾನ ನೇರವಾಗಿ ಮಗನ ಮೇಲೆ ಹೋಯಿತು. ಮನೆಯಲ್ಲಿ ಯಜಮಾನರ ವಿರುದ್ಧ ಗಂಟಲು ಹರಿದುಕೊಳ್ಳುವವನು ಅವನೊಬ್ಬನೇ. ಆ ಸಂಜೆ ತಟ್ಟೆ ಹಾಕುವ ಮೊದಲೇ ಅಪ್ಪ ಶುರು ಮಾಡಿದ.

"ನನ್ನ ಫೋನ್ ಮುಟ್ಟಿದ್ದೀಯೇನೋ?"

"ನಿನ್ನ ಕಂಪನಿ ಫೋನ್ ಮುಟ್ಟಿ ನಾನೇನು ಮಾಡ್ಲಿ? ಅದರಲ್ಲಿ ಹಾಡೂ ಇಲ್ಲ."

"ತಮಾಷೆ ಬೇಡ. ಮೊಳೆ ಪಟ್ಟಿ ಇಟ್ಟೋರು ಯಾರು?"

ಮಗ ಲೋಟ ಕೆಳಗಿಟ್ಟ. "ಅಪ್ಪಾ, ನಾನು ಕೂಗ್ತೀನಿ. ದಿನಾ ಇಲ್ಲಿ ಕೂತು ನಿನ್ನ ಯಜಮಾನನ ವಂಶ ಜಾಲಾಡ್ತೀನಿ. ಕೂಗಿದ ಮೇಲೆ ಹೊಟ್ಟೆ ತಣ್ಣಗಾಗುತ್ತೆ, ಮಲಗ್ತೀನಿ. ಬೆಳಿಗ್ಗೆ ಎದ್ದು ಅವನ ಮಗನ ಮದುವೆ ಕರೆಯೋಲೆ ಅಚ್ಚು ಹಾಕಿ ಬರ್ತೀನಿ. ನನ್ನಂಥವನಿಂದ ಮೊಳೆ ಹೊಡೆಯೋಕಾಗುತ್ತಾ?"

"ಮತ್ತೆ ಯಾರು?"

"ಕೂಗದೆ ಇರೋರು ಯಾರು ಅಂತ ನೋಡು."

"ಇಬ್ಬರೂ ಸುಮ್ಮನಿರಿ, ಅನ್ನ ಆರ್ತಾ ಇದೆ," ಎಂದಳು ಹೆಂಡತಿ. ಮಗ ಸುಮ್ಮನಾಗಲಿಲ್ಲ; ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡು, ಮುದ್ರಣಾಲಯದ ಅಟ್ಟದಲ್ಲಿ ಮಲಗುತ್ತೇನೆಂದು ಹೊರಟುಹೋದ. ಗುಬ್ಬಿ ಅಣ್ಣನನ್ನು ತಡೆಯಲು ಬಾಗಿಲವರೆಗೆ ಹೋಗಿ ಹಿಂದಿರುಗಿದಳು. ಅಷ್ಟು ನಡೆದದ್ದಕ್ಕೇ ಅವಳಿಗೆ ಏದುಸಿರು ಬಂದಿತ್ತು. ಗೋಡೆ ಹಿಡಿದು ನಿಂತು ಉಸಿರು ಸರಿಮಾಡಿಕೊಂಡಳು.

ಆ ಏದುಸಿರಿಗೆ ಹದಿನಾಲ್ಕು ತಿಂಗಳಾಗಿತ್ತು. ಅವಳು ಅದೇ ಕೋಲ್ಡ್ ಸ್ಟೋರೇಜಿನ ಪ್ಯಾಕಿಂಗ್ ಕೋಣೆಯಲ್ಲಿ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ತಂಪು ಯಂತ್ರದ ಅನಿಲ ಸೋರಿತು. ಕೋಣೆಯ ಬಾಗಿಲಿನ ಒಳಗಿನ ಹಿಡಿ ಮುರಿದು ತಿಂಗಳುಗಳಾಗಿದ್ದವು. ಅದನ್ನು ಹೊರಗಿನಿಂದ ಮಾತ್ರ ತೆಗೆಯಬಹುದಿತ್ತು. ಯಾರೋ ಬಂದು ತೆಗೆಯುವಷ್ಟರಲ್ಲಿ ಆರು ಹೆಂಗಸರು ಸತ್ತಿದ್ದರು. ಅವರಲ್ಲಿ ಒಬ್ಬಳು ಗುಬ್ಬಿಯ ಜೊತೆಗಾತಿ. ಒಂದೇ ಬೀದಿಯವಳು, ಅಲ್ಲಿನ ವೆಲ್ಡರನೊಬ್ಬನ ಹೆಂಡತಿ. ಗುಬ್ಬಿ ಬದುಕಿದಳು. ಈಗ ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು.

ವಿಚಾರಣೆ ನಡೆಯಿತು. ಡ್ರೈವರನನ್ನೂ ಕರೆಸಿ, ಕಾರಿನಲ್ಲಿ ಯಜಮಾನರು ಎಂದಾದರೂ ಆ ಬಾಗಿಲಿನ ಮಾತು ಆಡಿದ್ದುಂಟೇ ಎಂದು ಕೇಳಿದರು. ಅವನು ಕೈಕಟ್ಟಿ ನಿಂತು, "ಡ್ರೈವರನಿಗೆ ಕಿವಿ ಇರೋದಿಲ್ಲ ಸ್ವಾಮಿ," ಎಂದಿದ್ದ. ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು. ಅದಕ್ಕಾಗಿ ಯಜಮಾನರು ಅವನಿಗೆ ಏನೂ ಕೊಡಲಿಲ್ಲ. ಕಾರು ಹತ್ತುವಾಗ ಒಮ್ಮೆ ಭುಜ ತಟ್ಟಿದರು, ಅಷ್ಟೇ.

ಮೂರನೆಯ ವಾರ ಒಂದು ಭಾನುವಾರ, ಅಜ್ಜಿ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಡ್ರೈವರ್ ಶೂಗೆ ಪಾಲಿಶ್ ಹಾಕುತ್ತಿದ್ದ.

"ನೀನು ಹೇಳದಿದ್ರೆ ನನಗೆ ತಿಳಿಯಲ್ಲ ಅಂತ ತಿಳ್ಕೊಂಡಿದ್ದೀಯಾ?" ಎಂದಳು ಅಜ್ಜಿ. "ಹೋದ ಸೋಮವಾರ ಕಾರ್ಖಾನೆ. ಮಂಗಳವಾರ, ಬುಧವಾರ ಕಚೇರಿ. ಗುರುವಾರ ಕಾರ್ಖಾನೆ. ಸರಿಯೋ ತಪ್ಪೋ?"

ಡ್ರೈವರನ ಕೈಯಲ್ಲಿದ್ದ ಬ್ರಶ್ಶು ನಿಂತಿತು. "ಯಾರಮ್ಮಾ ಹೇಳಿದ್ದು?"

"ನಿನ್ನ ಡಬ್ಬಿ. ಕಾರ್ಖಾನೆಗಾದ್ರೆ ಊಟದ ಡಬ್ಬಿ ಒಯ್ತೀಯ. ಕಚೇರಿಗಾದ್ರೆ ಮಧ್ಯಾಹ್ನ ಮನೆಗೇ ಬಂದು ಉಣ್ತೀಯ. ಬೆಳಿಗ್ಗೆ ಎದ್ದು ಫೋನ್ ಇಟ್ಟ ತಕ್ಷಣ 'ಡಬ್ಬಿ ಬೇಕು' ಇಲ್ಲಾ 'ಡಬ್ಬಿ ಬೇಡ' ಅಂತ ಕೂಗ್ತೀಯಲ್ಲ. ಈ ಫೋನ್ ಬರೋ ಮುಂಚೇನೂ ಇಪ್ಪತ್ತೆರಡು ವರ್ಷ ಹಾಗೇ ಕೂಗಿದ್ದೀಯ. ಬಾಯಿಗೆ ಬೀಗ ಹಾಕ್ಕೊಂಡು ಕೀಲಿಕೈ ಒಲೆ ಮೇಲಿಟ್ಟ ಜಾಣ ನೀನು."

ಅಜ್ಜಿ ಸೊಪ್ಪಿನ ದಂಟು ಮುರಿಯುತ್ತಲೇ ಇದ್ದಳು. ಡ್ರೈವರ್ ಒಂದು ಶೂ ಹೊಳೆಯುತ್ತಿರುವಾಗ ಇನ್ನೊಂದನ್ನು ಹಾಗೆಯೇ ಬಿಟ್ಟು ಎದ್ದ. ಡಬ್ಬಿ ಕಟ್ಟುವುದು ಗುಬ್ಬಿಯ ಕೆಲಸ. ಕಟ್ಟಿಟ್ಟು, ಏಳು ಗಂಟೆಗೆ ಹಾಲು ತರಲು ಹೋಗುವುದೂ ಅವಳೇ.

ಮರುದಿನ ಅಧಿಕಾರಿ ಫೋನ್ ಮಾಡಿ, ಇವತ್ತು ಕಚೇರಿ ಎಂದು ತಿಳಿಸಿದ. ಡ್ರೈವರ್ ಫೋನ್ ಇಟ್ಟು, ಮಾಮೂಲಿನ ದನಿಯಲ್ಲೇ, "ಡಬ್ಬಿ ಬೇಕು," ಎಂದ. ಮಗಳು ಡಬ್ಬಿ ಕಟ್ಟಿದಳು. ಹಾಲಿನ ಪಾತ್ರೆ ಹಿಡಿದು ಹೊರಟಳು. ಅವನು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಲೇ ಹಿಂದೆ ನಡೆದ. ಹಾಲಿನ ಅಂಗಡಿಯ ಸಾಲಿನಲ್ಲಿ ಅವಳ ಮುಂದೆ ನಿಂತಿದ್ದವನು ವೆಲ್ಡರ್. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಗುಬ್ಬಿ ಒಂದೇ ಮಾತು ಹೇಳಿದಳು. ವೆಲ್ಡರ್ ಹಾಲು ಕೊಳ್ಳದೆ ಸಾಲಿನಿಂದ ಈಚೆ ಬಂದು, ಸೈಕಲ್ ಹತ್ತಿ ಸೇತುವೆಯ ಕಡೆಗೆ ಹೋದ.

ಆ ದಿನ ಸೇತುವೆಯ ಮೇಲೆ ಕಾಯುತ್ತಿದ್ದ ಕಾರು ಬಾರದೆ ಅವನು ಸುಮ್ಮನೆ ಬಿಸಿಲು ಕಾದು ಬಂದಿರಬೇಕು. ಡ್ರೈವರ್ ಕಚೇರಿಯ ಶೆಡ್ಡಿನಲ್ಲಿ ಕೂತು, ಬೇಡವಾಗಿದ್ದ ಡಬ್ಬಿಯನ್ನು ಬಿಚ್ಚಿ ಉಂಡ. ಏನು ಉಂಡನೆಂಬುದು ಅವನಿಗೆ ನೆನಪಿಲ್ಲ.

ಹೆಂಡತಿಗೆ ಹೇಳಿದಾಗ ಅವಳು ಒಲೆ ಆರಿಸಿ ಬಂದು ಎದುರು ಕುಳಿತಳು. ಆಮೇಲೆ, "ಅಧಿಕಾರಿಗೆ ಹೇಳಿಬಿಡಿ, ಮಗಳ ಹೆಸರು ಬಿಟ್ಟು," ಎಂದಳು.

"ಬಿಟ್ಟು ಹೇಳೋದು ಹೇಗೆ? ನಮ್ಮನೇಲಿರೋದೇ ಐದು ಹೆಸರು."

"ಹಾಗಾದ್ರೆ ಅವಳ ಹತ್ರ ಮಾತಾಡಿ. ನಾನು ಮಾತಾಡಿದ್ರೆ ಅಳ್ತೀನಿ, ಅವಳಿಗೆ ಅದು ಅನುಕೂಲ."

ಶುಕ್ರವಾರ ಸಂಜೆ ಮಗಳು ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಡ್ರೈವರ್ ಮೆಟ್ಟಿಲು ಹತ್ತಿ ಬಂದು, ಹಗ್ಗದ ಈ ತುದಿಯಿಂದ ತಾನೂ ತೆಗೆಯತೊಡಗಿದ. ನಡುವೆ ಒಂದು ಹೊದಿಕೆ ತೂಗುತ್ತಿತ್ತು.

"ಹಾಲಿನ ಸಾಲಲ್ಲಿ ನೋಡಿದೆ," ಎಂದ.

ಹೊದಿಕೆಯ ಆಚೆ ಕ್ಲಿಪ್ಪು ತೆಗೆಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು. "ಸೋಮವಾರ ಸುಳ್ಳು ಡಬ್ಬಿ ಕಟ್ಟಿಸಿದಾಗಲೇ ಅಂದ್ಕೊಂಡೆ. ಮಧ್ಯಾಹ್ನ ಕಾರು ಪೇಟೇಲಿತ್ತು ಅಂತ ಅಣ್ಣ ಫೋನಲ್ಲಿ ಹೇಳಿದ."

"ನಿನಗೆ ಯಜಮಾನರು ಅಷ್ಟು ಕೆಟ್ಟೋರಾಗಿ ಕಂಡ್ರಾ ಗುಬ್ಬಿ?"

"ಕೆಟ್ಟೋರಲ್ಲಪ್ಪಾ. ಕೆಟ್ಟೋರಾಗಿದ್ರೆ ಬೈದು ಸುಮ್ಮನಾಗ್ತಿದ್ದೆ. ಸತ್ತೋರ ನೆನಪಿಗೆ ಸಭೆ ಮಾಡಿದ್ರಲ್ಲ, ನನ್ನ ಕೈ ಹಿಡ್ಕೊಂಡ್ರು. ಕಣ್ಣಲ್ಲಿ ನೀರೂ ಇತ್ತು. ನಾನು ಬಾಗಿಲಿನ ಮಾತು ತೆಗೆದೆ. ಅಷ್ಟರಲ್ಲಿ ಪಕ್ಕದೋರ ಕೈ ಹಿಡ್ಕೊಂಡಿದ್ರು."

"ಅದಕ್ಕೆ ಪ್ರಾಣ ತೆಗೀತೀರಾ?"

"ವರದಿ ಓದಿದ್ದೀಯಾ? ಹೆಂಗಸರು ಗಾಬರಿಯಾಗಿ ಬಾಗಿಲಿಗೆ ಅಡ್ಡ ಬಿದ್ದದ್ದೇ ಸಾವಿಗೆ ಕಾರಣ ಅಂತ ಬರೆದಿದ್ದಾರೆ. ನನ್ನ ಜೊತೆಗಾತಿ ಬಾಗಿಲಿಗೆ ಅಡ್ಡ ಬಿದ್ದಿರಲಿಲ್ಲ. ಕೊನೇವರೆಗೂ ಉಗುರಿಂದ ಕೆರೀತಾ ಇದ್ದಳು. ಅವಳ ಗಂಡ ಮೊದಲು ಕಾಗದ ಬರೆದ. ಉತ್ತರ ಇಲ್ಲ. ಗೇಟಿನ ಮುಂದೆ ಇಪ್ಪತ್ತು ದಿನ ಕೂತ. ದಿನಾ ಟೀ ಕಳಿಸಿದ್ರು, ಉತ್ತರ ಇಲ್ಲ. ಒಂದು ಕಲ್ಲು ಹೊಡೆದ ನೋಡು, ವಾರದೊಳಗೆ ವಿಚಾರಣೆ ಅವಧಿ ಹೆಚ್ಚಿಸಿದ್ರು, ಹೊಸ ಹೇಳಿಕೆ ತಗೋತೀವಿ ಅಂದ್ರು. ತಮಗೆ ಯಾವ ಭಾಷೆ ತಿಳಿಯುತ್ತೆ ಅಂತ ಕಲಿಸಿದ್ದು ಅವರೇ, ನಾವಲ್ಲ."

ಡ್ರೈವರ್ ಹೊದಿಕೆಯನ್ನು ಸರಿಸಿದ. ಮಗಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಬಟ್ಟೆ ಮಡಚುವವಳ ಮುಖ ಹೇಗಿರಬೇಕೋ ಹಾಗಿತ್ತು.

"ಅವತ್ತು ನೀನೇ ಹೇಳಿದ್ದು ನೆನಪಿದೆಯಾ?" ಎಂದಳು. "ಊಟಕ್ಕೆ ಕೂತಾಗ."

ನೆನಪಿತ್ತು. ಅನಾಹುತಕ್ಕೆ ಎರಡು ತಿಂಗಳ ಮುಂಚಿನ ಮಾತು. ಯಜಮಾನರು ಹೊಸ ಕಾರಿನ ಸೀಟಿಗೆ ಯಾವ ಬಣ್ಣದ ಚರ್ಮ ಹಾಕಿಸಬೇಕೆಂದು ಅರ್ಧ ದಾರಿಯುದ್ದಕ್ಕೂ ಫೋನಿನಲ್ಲಿ ಚರ್ಚಿಸಿದ್ದರು. ನಡುವೆ ಕಾರ್ಖಾನೆಯ ಮ್ಯಾನೇಜರನ ಫೋನು: ಪ್ಯಾಕಿಂಗ್ ಕೋಣೆಗೆ ಒಳಗಿನ ಹಿಡಿ ಹಾಕಿಸಲೇಬೇಕು, ಎರಡು ಸಲ ಹೆಂಗಸರು ಸಿಕ್ಕಿಕೊಂಡಿದ್ದರು. "ಮುಂದಿನ ವರ್ಷ ನೋಡೋಣ," ಎಂದು ಹೇಳಿ ಯಜಮಾನರು ಮತ್ತೆ ಚರ್ಮಕ್ಕೆ ಹಿಂದಿರುಗಿದ್ದರು. ಡ್ರೈವರ್ ಆ ಎರಡು ದನಿಗಳನ್ನೂ ಅಣಕಿಸಿ ತೋರಿಸಿದ್ದ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಮರುದಿನ ಬೆಳಿಗ್ಗೆ ಅದೇ ಬಾಗಿಲಿನ ಒಳಗೆ ಹೋಗಬೇಕಾಗಿದ್ದ ಗುಬ್ಬಿಯೂ ನಕ್ಕಿದ್ದಳು.

"ಆಮೇಲೆ ವಿಚಾರಣೇಲಿ ಕಿವಿ ಇಲ್ಲ ಅಂದೆ," ಎಂದಳು.

"ಕೆಲಸ ಹೋಗ್ತಿತ್ತು. ನಿನ್ನ ಔಷಧಿ—"

"ಗೊತ್ತು. ನಾನೇನೂ ಕೇಳಲಿಲ್ಲವಲ್ಲ."

"ಮುಂದೆ ಏನು ಮಾಡ್ತಾನೆ ಆ ವೆಲ್ಡರ್?"

"ಹೇಳಿಲ್ಲ. ಈ ಸಲ ಕಲ್ಲಲ್ಲ ಅಂತ ಮಾತ್ರ ಗೊತ್ತು. ಅಪ್ಪ ಮುಂದಿನ ಸೀಟಲ್ಲಿರ್ತಾರೆ, ನೆನಪಿರಲಿ ಅಂದಿದ್ದೀನಿ."

"ನಿಲ್ಲಿಸು ಅವನನ್ನ."

"ನಾನು ಹೇಳೋದು ನಿಲ್ಲಿಸಿದ್ರೂ ಅವನು ದಿನಾ ಒಂದಲ್ಲ ಒಂದು ರಸ್ತೇಲಿ ಕಾಯ್ತಾನೆ. ನೀನು ಡಬ್ಬಿ ಸುಳ್ಳು ಹೇಳಿ ತಪ್ಪಿಸಬಹುದು. ಎಷ್ಟು ದಿನ ಅಂತ ಉಪವಾಸ ಇರ್ತೀಯಾ?" ಅವಳು ಬಟ್ಟೆಯ ರಾಶಿ ಎತ್ತಿಕೊಂಡು, ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಇಳಿದುಹೋದಳು.

ಮರುದಿನ ಶನಿವಾರ. ಹೊಸ ಹೇಳಿಕೆಗಳನ್ನು ತೆಗೆದುಕೊಳ್ಳುವ ಕೊನೆಯ ದಿನ. ಆರೂವರೆಗೆ ಫೋನ್ ಬಂತು. ಅಡುಗೆಮನೆಯಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಗುಬ್ಬಿ ಹಾಲಿನ ಪಾತ್ರೆ ತೊಳೆಯುತ್ತಿದ್ದಳು. ಇಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಡಬ್ಬಿ ಬೇಕು," ಎಂದ ಡ್ರೈವರ್.

"ನಿಜವಾಗ್ಲೂ?" ಎಂದಳು ಹೆಂಡತಿ.

"ನಿಜವಾಗ್ಲೂ. ಕಾರ್ಖಾನೆ."

ಗುಬ್ಬಿ ಪಾತ್ರೆಯನ್ನು ಒರೆಸಿದಳು. ಡಬ್ಬಿ ಕಟ್ಟಿದಳು. ಬಾಗಿಲಲ್ಲಿ ಒಮ್ಮೆ ತಿರುಗಿ ಅಪ್ಪನನ್ನು ನೋಡಿ, ಹಾಲಿಗೆ ಹೋದಳು.

ಹನ್ನೊಂದು ಗಂಟೆಗೆ ಕಾರು ಸೇತುವೆಯನ್ನು ಸಮೀಪಿಸಿತು. ದುರಸ್ತಿಯ ಕಾರಣ ಸೇತುವೆಯ ನಡುವೆ ಒಂದೇ ಸಾಲು ಬಿಟ್ಟಿದ್ದರು; ಅಲ್ಲಿ ಎಲ್ಲ ಗಾಡಿಗಳೂ ತೆವಳುತ್ತಿದ್ದವು. ಆ ಇಕ್ಕಟ್ಟಿನಲ್ಲಿ, ಕಟಕಟೆಗೆ ಒರಗಿಸಿದ ಸೈಕಲ್ಲಿನ ಪಕ್ಕ, ಎದೆಗೆ ಚೀಲ ಅವುಚಿಕೊಂಡು ಒಬ್ಬ ಮನುಷ್ಯ ನಿಂತಿದ್ದ. ಡ್ರೈವರ್ ಇನ್ನೂರು ಹೆಜ್ಜೆ ಮುಂಚೆಯೇ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದ.

ಯಜಮಾನರು ಪತ್ರಿಕೆಯಿಂದ ತಲೆಯೆತ್ತಿದರು. "ಏನಾಯ್ತು?"

"ಒಂದು ಮಾತು ಕೇಳಬೇಕಿತ್ತು ಸಾರ್."

"ರಜೆ ಬೇಕಾ? ಅಧಿಕಾರಿಗೆ ಹೇಳು."

"ಪ್ಯಾಕಿಂಗ್ ಕೋಣೆ ಬಾಗಿಲ ವಿಷಯ. ಅನಾಹುತ ಆಗೋ ಮುಂಚೆ ಮ್ಯಾನೇಜರು ಫೋನ್ ಮಾಡಿದ್ರು. ಒಳಗಿನ ಹಿಡಿ ಹಾಕಿಸಬೇಕು ಅಂತ."

"ಯಾವಾಗ?"

"ಸೀಟಿನ ಚರ್ಮ ಆರಿಸಿದ್ರಲ್ಲ ಸಾರ್, ಅವತ್ತು."

"ಚರ್ಮ ನೆನಪಿದೆ," ಎಂದು ಯಜಮಾನರು ಕೈಯಿಂದ ಸೀಟನ್ನು ಸವರಿದರು. ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದರು, ಹಣೆ ಸುಕ್ಕಾಯಿತು. "ಅಂಥ ಫೋನ್ ಬಂದಿತ್ತಾ? ದಿನಕ್ಕೆ ನಲವತ್ತು ಬರುತ್ತಪ್ಪಾ. ನಾನೇನಂದೆ?"

"ಮುಂದಿನ ವರ್ಷ ನೋಡೋಣ ಅಂದ್ರಿ."

"ಅಂದಿರಬಹುದು. ನಿನ್ನ ಮಗಳು ಈಗ ಹೇಗಿದ್ದಾಳೆ? ಮಗಳೋ ಸೊಸೆಯೋ? ಸರಿ, ನಡಿ. ತಡವಾಗ್ತಾ ಇದೆ." ಪತ್ರಿಕೆ ಮತ್ತೆ ಮೇಲೆದ್ದಿತು.

ಡ್ರೈವರನ ಎಡಗಾಲು ಕ್ಲಚ್ಚನ್ನು ಒತ್ತಿತು. ಕೈ ಗೇರು ಹಾಕಿತು. ಕಾರು ಮೆಲ್ಲಗೆ ಮುಂದಕ್ಕೆ ಉರುಳಿತು. ಇದೆಲ್ಲವನ್ನೂ ಮಾಡುತ್ತಿರುವವನು ತಾನೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೂರು ಹೆಜ್ಜೆ. ತಾನು ಏನೂ ಮಾಡಬೇಕಾಗಿಲ್ಲ. ಹೇಳಿದಂತೆ ಓಡಿಸಿದರೆ ಸಾಕು. ಎದೆ ಹಗುರವಾಗಿತ್ತು. ಮಗಳು ಬಟ್ಟೆ ಮಡಚುತ್ತಿದ್ದಾಗ ಅವಳ ಮುಖ ಏಕೆ ಹಾಗಿತ್ತೆಂಬುದು ಅವನಿಗೆ ತಿಳಿಯಿತು.

ನೂರಿಪ್ಪತ್ತು ಹೆಜ್ಜೆ ಉಳಿದಿರುವಾಗ ಅವನು ಬ್ರೇಕು ಒತ್ತಿದ. ಯಂತ್ರ ನಿಲ್ಲಿಸಿ, ಕೀಲಿಕೈಯನ್ನೂ ಕಂಪನಿಯ ಫೋನನ್ನೂ ಪಕ್ಕದ ಸೀಟಿನ ಮೇಲೆ ಇಟ್ಟ.

"ಸಾ‌ರ್, ಬಾಗಿಲು ಲಾಕ್ ಮಾಡ್ಕೊಂಡು ಇಲ್ಲೇ ಕೂತಿರಿ. ಅಧಿಕಾರಿಗೆ ಫೋನ್ ಮಾಡಿ, ಬೇರೆ ಡ್ರೈವರನ್ನ ಕಳಿಸ್ತಾರೆ. ಮುಂದೆ ಹೋಗಬೇಡಿ."

"ಏನಿದು ಹುಚ್ಚಾಟ? ನೀನೆಲ್ಲಿಗೆ?"

ಡ್ರೈವರ್ ಇಳಿದು ಸೇತುವೆಯ ಮೇಲೆ ನಡೆದ. ಅವನ ಬೆನ್ನಿಗೆ ಕಾರಿನ ನಾಲ್ಕು ಲಾಕುಗಳೂ ಒಮ್ಮೆಗೇ ಬಿದ್ದ ಸದ್ದು ಕೇಳಿಸಿತು.

ವೆಲ್ಡರ್ ಅವನನ್ನು ನೋಡುತ್ತ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿದ್ದವು.

"ಎಲ್ಲಿ ಅವನು?"

"ಅಲ್ಲೇ ಇದ್ದಾರೆ. ಒಬ್ಬರೇ. ಕಾರು ಓಡಿಸೋಕೆ ಬರಲ್ಲ ಅವರಿಗೆ, ಎಲ್ಲೂ ಹೋಗಲ್ಲ." ಡ್ರೈವರ್ ಉಸಿರು ಎಳೆದುಕೊಂಡ. "ನಾನು ಆಚೆ ದಡದ ವಿಚಾರಣೆ ಕಚೇರಿಗೆ ಹೋಗ್ತಾ ಇದ್ದೀನಿ. ಒಂದು ಗಂಟೆಗೆ ಮುಚ್ತಾರೆ. ಬಾಗಿಲ ಮಾತು ಫೋನಲ್ಲಿ ಆಡಿದ್ದು ನಾನು ಕೇಳಿದ್ದೀನಿ. ಅದನ್ನ ಬರೆಸ್ತೀನಿ. ನೀನು ಕಾರಿನ ಹತ್ರ ಹೋದ್ರೆ, ನಾಳೆ ಯಾರೂ ಬಾಗಿಲಿನ ಮಾತು ಓದಲ್ಲ. ನಿನ್ನ ಮಾತು ಓದ್ತಾರೆ."

"ಹದಿನಾಲ್ಕು ತಿಂಗಳು ಎಲ್ಲಿದ್ದೆ ನೀನು?"

"ಆ ಕಾರಲ್ಲೇ."

ವೆಲ್ಡರ್ ಚೀಲವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡ. ಡ್ರೈವರ್ ಅವನನ್ನು ದಾಟಿ ನಡೆದ. ಹಿಂದಕ್ಕೆ ತಿರುಗಿ ನೋಡಬಾರದೆಂದು ನಿರ್ಧರಿಸಿದ್ದ. ನೋಡಿದರೆ ನಿಂತುಬಿಡುತ್ತೇನೆಂಬ ಹೆದರಿಕೆ. ಸೇತುವೆಯ ಕೊನೆಯಲ್ಲಿ, ಕೆಳಗೆ ನೀರಿಗೆ ಭಾರದ್ದೇನೋ ಬಿದ್ದ ಸದ್ದಾಯಿತು. ದುರಸ್ತಿಯವರು ಕಲ್ಲು ಎಸೆದದ್ದೂ ಇರಬಹುದಿತ್ತು.

ವಿಚಾರಣೆ ಕಚೇರಿ ತಲುಪಿದಾಗ ಹನ್ನೆರಡೂ ಕಾಲು. ಮೇಲಿನ ಮಹಡಿಯಲ್ಲಿ ಒಬ್ಬನೇ ಗುಮಾಸ್ತ, ಆಗಲೇ ಕಡತಗಳಿಗೆ ದಾರ ಕಟ್ಟುತ್ತಿದ್ದ. ಡ್ರೈವರ್ ತನ್ನ ಕೆಲಸ, ಯಜಮಾನರ ಹೆಸರು ಹೇಳಿದ. ಗುಮಾಸ್ತ ಹಳೆಯ ಹಾಳೆ ಹುಡುಕಿ ತೆಗೆದ.

"ನೀವು ಒಮ್ಮೆ ಹೇಳಿಕೆ ಕೊಟ್ಟಿದ್ದೀರಿ. ಏನೂ ಕೇಳಿಸಿಲ್ಲ ಅಂತ ಇದೆ."

"ಅದು ಸುಳ್ಳು."

"ಸುಳ್ಳು ಅಂತ ಬರೆದ್ರೆ ನಿಮ್ಮ ಮೇಲೇ ಕೇಸ್ ಆಗಬಹುದು. ಗೊತ್ತಾ?"

"ಬರೀರಿ."

ಅವನು ಹೇಳಿದ. ಸೀಟಿನ ಚರ್ಮದಿಂದ ಶುರುಮಾಡಿ, ಮ್ಯಾನೇಜರನ ಫೋನು, ಎರಡು ಸಲ ಸಿಕ್ಕಿಕೊಂಡ ಹೆಂಗಸರು, ಮುಂದಿನ ವರ್ಷ, ಮತ್ತೆ ಚರ್ಮ. ಈ ಸಲ ಯಾರ ದನಿಯನ್ನೂ ಅಣಕಿಸಲಿಲ್ಲ. ಗುಮಾಸ್ತ ಬರೆಯುತ್ತ ಬರೆಯುತ್ತ ತಲೆಯೆತ್ತಿ ಬಾಗಿಲಿನ ಕಡೆ ನೋಡಿದ.

"ಇವರು ನಿಮ್ಮ ಜೊತೆಯವರಾ?"

ಡ್ರೈವರ್ ತಿರುಗಿದ. ಬಾಗಿಲಲ್ಲಿ ವೆಲ್ಡರ್ ನಿಂತಿದ್ದ. ಎದೆಯ ಮೇಲೆ ಚೀಲವಿರಲಿಲ್ಲ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಜೋಲು ಬಿಟ್ಟಿದ್ದ.

"ಹೌದು. ಇವರ ಹೆಂಡತಿ ಆ ಕೋಣೆ ಒಳಗಿದ್ರು."

"ನೀವೂ ಏನಾದ್ರೂ ಹೇಳ್ತೀರಾ?" ಎಂದು ಗುಮಾಸ್ತ ಕೇಳಿದ.

ವೆಲ್ಡರ್ ಮೇಜಿನ ಹತ್ತಿರ ಬಂದ. "ಆ ಬಾಗಿಲಿಗೆ ಒಳಗಿನ ಹಿಡಿ ಹಾಕೋಕೆ ಎಷ್ಟು ಹೊತ್ತು ಬೇಕು ಅಂತ ಬರ್ಕೊಳ್ಳಿ. ಅರ್ಧ ಗಂಟೆ. ನಾನು ವೆಲ್ಡರ್."

ಅದನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ಗುಮಾಸ್ತ ಸ್ವಲ್ಪ ಹುಡುಕಿದ. ಕೊನೆಗೆ ಅಂಚಿನಲ್ಲಿ ಬರೆದುಕೊಂಡ. ಬಳಿಕ ಡ್ರೈವರನ ಕಡೆ ತಿರುಗಿದ.

"ಈ ಫೋನಿನ ಮಾತಿಗೆ ಬೇರೆ ಸಾಕ್ಷಿ ಇದೆಯಾ? ನೀವು ಆಗಲೇ ಒಂದು ಸಲ ಮಾತು ಬದಲಾಯಿಸಿದ್ದೀರಿ. ನಿಮ್ಮೊಬ್ಬರ ಹೇಳಿಕೆ ನಿಲ್ಲಲ್ಲ."

"ಅವತ್ತೇ ಸಂಜೆ ಊಟಕ್ಕೆ ಕೂತಾಗ ಮನೇಲಿ ಹೇಳಿದ್ದೆ."

"ಕೇಳಿಸಿಕೊಂಡೋರು?"

ಹೆಂಡತಿ ಇದ್ದಳು, ತಾಯಿ ಇದ್ದಳು, ಮಗನಿದ್ದ. ಆದರೆ ಆ ಬಾಗಿಲಿನ ಒಳಗಿದ್ದವಳು ಒಬ್ಬಳೇ. ಅವಳು ಬಂದು ಕುಳಿತರೆ ಬಾಗಿಲಿನ ಪ್ರಶ್ನೆಯ ಬೆನ್ನಿಗೇ ಉಳಿದ ಪ್ರಶ್ನೆಗಳೂ ಬರುತ್ತವೆ: ಕಲ್ಲಿನದು, ಮೊಳೆಯದು, ಹಾಲಿನ ಸಾಲಿನದು. ಸೇತುವೆಯ ಮೇಲೆ ಬೀಗ ಹಾಕಿಕೊಂಡು ಕುಳಿತಿದ್ದ ಯಜಮಾನರು ಇಷ್ಟರಲ್ಲಿ ಅಧಿಕಾರಿಯ ಮುಂದೆ ಎಲ್ಲವನ್ನೂ ಹೇಳಿರುತ್ತಾರೆ. ಡ್ರೈವರ್ ವೆಲ್ಡರನನ್ನು ನೋಡಿದ. ವೆಲ್ಡರ್ ನೆಲವನ್ನು ನೋಡುತ್ತಿದ್ದ; ಆಗಲಿ ಎಂಬಂತೆ ನಿಧಾನವಾಗಿ ತಲೆಯಾಡಿಸಿದ.

"ನನ್ನ ಮಗಳು," ಎಂದ ಡ್ರೈವರ್. "ಅವಳೂ ಆ ಕೋಣೇಲಿದ್ದಳು."

"ಬಂದು ಹೇಳ್ತಾರಾ?"

"ಹದಿನಾಲ್ಕು ತಿಂಗಳಿಂದ ಹೇಳ್ತಾನೇ ಇದ್ದಾಳೆ. ಮೆಟ್ಟಿಲು ಹತ್ತೋದು ನಿಧಾನ ಅವಳಿಗೆ. ನೀವು ಒಂದು ಗಂಟೆ ಆದಮೇಲೂ ಸ್ವಲ್ಪ ಕೂತಿರಬೇಕಾಗುತ್ತೆ."

ಗುಮಾಸ್ತ ಗಡಿಯಾರ ನೋಡಿದ. ಗುಬ್ಬಿಯನ್ನು ಕರೆತರಲು ವೆಲ್ಡರ್ ಆಗಲೇ ಸೈಕಲ್ಲಿನ ಕಡೆಗೆ ಇಳಿಯುತ್ತಿದ್ದ.